ಹೊಕ್ಕುಳಲ್ಲಿ ಕಣ್ಣಿದ್ದ ಗಣಪ

‘ಮನೆಗೆ ಹೋಗಿ ಫೋನ್ ಮಾಡ್ತೀವಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಂದಕುಮಾರನಿಗೆ ಮೈಯೆಲ್ಲ ಉರಿಯುತ್ತಿತ್ತು. ತಂಗಿ ಸರಳಾಳನ್ನು ನೋಡಲು ಬಂದ ನಾಲ್ಕು ಗಂಡಿನ ಕಡೆಯವರೂ ಕೇಸರಿಬಾತು ತಿಂದು, ಕಾಫಿ ಕುಡಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಈ ನಾಲ್ಕೇ ಪದ ಹೇಳಿ ಹೋಗಿದ್ದರು. ಒಬ್ಬರೂ ಫೋನ್ ಮಾಡಲಿಲ್ಲ. ಇವನೇ ಮಾಡಿ ಕೇಳಿದರೆ ಒಬ್ಬರಿಗೆ ಜಾತಕ ಕೂಡಿರಲಿಲ್ಲ, ಇನ್ನೊಬ್ಬರ ಅಜ್ಜಿಗೆ ಹುಷಾರಿರಲಿಲ್ಲ, ಮೂರನೆಯವರಿಗೆ ಈ ವರ್ಷ ಮದುವೆ ಮಾಡುವ ಯೋಚನೆಯೇ ಇರಲಿಲ್ಲ. ನಾಲ್ಕನೆಯವರು ‘ರಾಂಗ್ ನಂಬರ್’ ಎಂದು ಇಟ್ಟುಬಿಟ್ಟರು. ಆ ದನಿ ಗಂಡಿನ ಅಪ್ಪನದೇ ಎಂದು ನಂದಕುಮಾರ ಇವತ್ತಿಗೂ ಆಣೆಯಿಟ್ಟು ಹೇಳುತ್ತಾನೆ.

ನಿಜವಾದ ಕಾರಣವನ್ನು ಯಾರೂ ಹೇಳುವುದಿಲ್ಲ. ಅವನನ್ನು ಕೊರೆಯುತ್ತಿದ್ದುದು ಅದೇ. ಸರಳಾ ಲಾ ಓದಿದ್ದಾಳೆ, ಹಿರಿಯ ವಕೀಲರೊಬ್ಬರ ಬಳಿ ನಾಲ್ಕು ವರ್ಷದಿಂದ ಜೂನಿಯರ್ ಆಗಿದ್ದಾಳೆ, ನೋಡಲೂ ಲಕ್ಷಣವಾಗಿದ್ದಾಳೆ. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಓದಿಸಿ ಬೆಳೆಸಿದವನು ಇವನೇ. ಅವಳಿಗೊಂದು ಒಳ್ಳೆಯ ಮನೆ ಸಿಗದೇ ಹೋದರೆ ತಪ್ಪು ತನ್ನದೇ ಎಂದು ಅವನು ನಂಬಿದ್ದ. ಆದರೆ ಯಾವ ತಪ್ಪು ಎಂದು ಗೊತ್ತಾಗದೆ ತಿದ್ದಿಕೊಳ್ಳುವುದಾದರೂ ಹೇಗೆ?

ನಂದಕುಮಾರನ ಕೆಲಸ ಯಲಹಂಕ ಹಳೇ ಊರಿನ ಒಂದು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು. ‘ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಇದ್ರಲ್ಲಾ?’ ಎಂದು ಗಾಜು ಬದಲಿಸುವ ಸಂದಿಯಲ್ಲೇ ಅವನು ರಸ್ತೆ ಅಗೆದವರ ವಿಷಯ, ಬದನೆಕಾಯಿಯ ನಂಜು, ತನ್ನ ಮೂಲವ್ಯಾಧಿಯ ಆಪರೇಷನ್ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದ. ಅಕ್ಷರ ಕಾಣದಿದ್ದರೂ ‘ಕಾಣುತ್ತೆ, ಕಾಣುತ್ತೆ’ ಎಂದು ಎದ್ದು ಓಡಿದ ಗಿರಾಕಿಗಳು ಎಷ್ಟೋ ಮಂದಿ. ತನ್ನ ಬಾಯಿ ಸ್ವಲ್ಪ ಜಾಸ್ತಿ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಬೇರೆ ಯಾರಾದರೂ ನಡುವೆ ಒಂದು ಮಾತು ಹೇಳಬೇಕು; ಅದಕ್ಕೆ ಇವನು ಜಾಗ ಬಿಟ್ಟಿದ್ದರಲ್ಲವೇ?

ಐದನೆಯ ಗಂಡಿನ ಕಡೆಯವರು ಭಾನುವಾರ ಬರುತ್ತಾರೆಂದು ಗೊತ್ತಾದಾಗ, ಪಕ್ಕದ ಮೊಬೈಲ್ ಅಂಗಡಿಯ ಅನ್ವರ್ ಮುಂದೆ ಅವನು ಸಂಕಟ ತೋಡಿಕೊಂಡ.

“ಕಾಫಿ ತರ್ತೀವಿ ಅಂತ ನಾವು ಒಳಗೆ ಹೋಗ್ತೀವಲ್ಲ ಅನ್ವರ್, ಆಗ ಅವ್ರವ್ರೇ ಗುಸುಗುಸು ಅಂತ ಮಾತಾಡ್ಕೋತಾರೆ. ಆ ಐದು ನಿಮಿಷದಲ್ಲೇ ಎಲ್ಲಾ ತೀರ್ಮಾನ ಆಗೋದು. ಅದೊಂದು ಕೇಳಿಸ್ಬಿಟ್ರೆ ನನ್ ಕಷ್ಟ ಮುಗೀತು.”

ಅನ್ವರ್ ಆಚೆ ಈಚೆ ನೋಡಿ ಡ್ರಾಯರಿನಿಂದ ಗೇಣುದ್ದದ ಒಂದು ಕರಿ ಗಣಪನನ್ನು ತೆಗೆದ. “ಇದು ಕ್ಯಾಮರಾ ಗುರು. ಹೊಕ್ಕುಳ ನೋಡಿ.”

ಹೊಕ್ಕುಳಲ್ಲಿ ಸಾಸಿವೆ ಕಾಳಿನಷ್ಟು ಗಾಜು ಮಿನುಗುತ್ತಿತ್ತು. ಕೆಳಗಿದ್ದ ಇಲಿಯ ಬಾಲದ ಬುಡದಲ್ಲಿ ಚಾರ್ಜರ್ ಚುಚ್ಚುವ ತೂತು.

“ಚಿತ್ರನೂ ಬರುತ್ತೆ, ಮಾತೂ ಬರುತ್ತೆ, ನಿಮ್ ಫೋನಲ್ಲೇ ನೋಡ್ಬೋದು. ಆದ್ರೆ ನಿಜ ಹೇಳ್ತೀನಿ, ದೇವ್ರ ಹೊಟ್ಟೇಲಿ ಕಳ್ಳಗಣ್ಣು ಇಟ್ಟಿದಾರಲ್ಲ, ಇದನ್ನ ಅಂಗಡಿ ಮುಂದೆ ಇಡಕ್ಕೆ ನಂಗೇ ಮುಜುಗರ. ಅದಕ್ಕೇ ಡ್ರಾಯರ್‌ನಲ್ಲಿ ಮಲಗಿಸಿದ್ದೀನಿ. ಅರ್ಧ ರೇಟಿಗೆ ತಗೊಂಡೋಗಿ. ಬಾತ್‌ರೂಮು, ಮಲಗೋ ರೂಮು, ಅಲ್ಲೆಲ್ಲ ಇಟ್ರೆ ಮಾತ್ರ ಸೀದಾ ಸ್ಟೇಷನ್ನೇ.”

“ಥೂ, ನಾನೇನ್ ಅಂಥೋನಾ? ಹಾಲ್‌ನಲ್ಲಿ ಇಡ್ತೀನಿ. ನಮ್ಮನೆ, ನಮ್ಮ ಶೋಕೇಸು, ನಮ್ಮ ಗಣಪ. ಇದ್ರಲ್ಲಿ ಏನ್ ತಪ್ಪು?”

“ಬರೋರಿಗೆ ಹೇಳಿ ಇಡ್ತೀರಾ?”

“ಹೇಳಿದ್ರೆ ಅವ್ರು ಬಾಯಿ ಬಿಡ್ತಾರೇನಯ್ಯಾ?”

“ಹಂಗಾದ್ರೆ ತಪ್ಪೇನು ಅಂತ ನಿಮಗೇ ಗೊತ್ತಾಯ್ತಲ್ಲ ಗುರು,” ಎಂದು ಅನ್ವರ್ ಗಣಪನನ್ನು ಹಳೇ ಪೇಪರಿನಲ್ಲಿ ಸುತ್ತಿಕೊಟ್ಟ.

ಭಾನುವಾರ ಬೆಳಿಗ್ಗೆ ಅಬ್ಬಿಗೆರೆಯ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ಯಾರೂ ಏಳುವ ಮುಂಚೆ ನಂದಕುಮಾರ ಎದ್ದ. ಹಾಲ್‌ನ ಶೋಕೇಸಿನಲ್ಲಿ ಒಂದು ಪುಟ್ಟ ಬ್ಲೂಟೂತ್ ಸ್ಪೀಕರ್ ಇತ್ತು. ದಿನಾ ಬೆಳಿಗ್ಗೆ ಅವನ ಫೋನಿನಿಂದ ಅದರಲ್ಲಿ ಸುಪ್ರಭಾತ ಹಾಡಿಸುವುದು ರೂಢಿ. ಆ ಸ್ಪೀಕರಿನ ಪಕ್ಕದಲ್ಲೇ ಗಣಪನನ್ನು ಕೂರಿಸಿ, ಹೊಕ್ಕುಳನ್ನು ಸೋಫಾದ ಕಡೆ ತಿರುಗಿಸಿ, ಫೋನಿನಲ್ಲಿ ನೋಡಿದ. ಸೋಫಾ, ಟೀಪಾಯಿ, ಕ್ಯಾಲೆಂಡರು ಎಲ್ಲ ಕನ್ನಡಿಯಲ್ಲಿ ಕಂಡಂತೆ ಕಂಡವು. ಅವನಿಗೆ ಅರ್ಧ ಮದುವೆ ಮುಗಿದಷ್ಟು ಸಂತೋಷವಾಯಿತು.

ಎಂಟು ಗಂಟೆಗೆ ಸರಳಾ ಸೀರೆಗೆ ಇಸ್ತ್ರಿ ಹಾಕುತ್ತಾ ಅತ್ತಿಗೆ ಶಶಿರೇಖಾಳಿಗೆ ತನ್ನ ಹೊಸ ಕೇಸಿನ ಕತೆ ಹೇಳುತ್ತಿದ್ದಳು. ಹೆಣ್ಣುಮಕ್ಕಳಿಗೆ ರೂಮು ಬಾಡಿಗೆ ಕೊಟ್ಟ ಮನೆ ಮಾಲೀಕನೊಬ್ಬ ಒಳಗೆ ಕದ್ದು ಕ್ಯಾಮರಾ ಇಟ್ಟು ಸಿಕ್ಕಿಬಿದ್ದಿದ್ದನಂತೆ.

“ಆ ಮನುಷ್ಯ ಏನಂತಾನೆ ಗೊತ್ತಾ ಅತ್ತಿಗೆ? ‘ಮನೆ ನಂದು, ನನ್ ಮನೇಲಿ ನಾನೇನಾದ್ರೂ ಇಡ್ತೀನಿ’ ಅಂತ.”

ಕಾಫಿ ಲೋಟ ಹಿಡಿದು ಕೂತಿದ್ದ ನಂದಕುಮಾರ ಶೋಕೇಸಿನ ಕಡೆ ಒಮ್ಮೆ ನೋಡಿದ. “ರೂಮಲ್ಲಿ ಇಟ್ಟಿದ್ದು ತಪ್ಪೇ ಬಿಡು. ಹಾಲ್‌ನಲ್ಲಿ ಇಟ್ಟಿದ್ರೆ?”

“ಕಳ್ಳರ ಭಯಕ್ಕೆ ಇಡೋನು ಎಲ್ಲಾರಿಗೂ ಕಾಣೋ ಹಾಗೆ ಇಡ್ಲಿ, ‘ಕ್ಯಾಮರಾ ಇದೆ’ ಅಂತ ಬಾಗಿಲ ಮೇಲೆ ಬರೀಲಿ. ಯಾರ್ ಬೇಡ ಅಂದ್ರು? ಕರೆದು ಕೂರಿಸಿದ ನೆಂಟರ ಮೇಲೆ ಕದ್ದು ಇಡೋನು ಕಳ್ಳನಿಗಿಂತ ಕಡೆ ಅಣ್ಣ. ಕಳ್ಳ ಸಾಮಾನು ಒಯ್ತಾನೆ, ಇವನು ಮನುಷ್ಯರ ಮರ್ಯಾದೆ ಒಯ್ತಾನೆ. ಯಾಕೆ ಕೇಳ್ದೆ?”

“ಸುಮ್ನೆ. ಜನರಲ್ ನಾಲೆಡ್ಜು,” ಎಂದು ಅವನು ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ.

ಅಷ್ಟರಲ್ಲಿ ಕೆಳಗಿನ ಮನೆಯ ದ್ರೌಪದಮ್ಮ ರಾಗಿಯ ಮೊರ ಹೊತ್ತುಕೊಂಡು ಬಂದರು. ಮನೆಯ ಮಾಲೀಕರು ಅವರೇ. ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಅವರ ಮಾವನ ಹೊಲವಿದ್ದ ಜಾಗವಿದು. ಹೊಲ ಹೋಗಿ ಮೂರು ಮಹಡಿ ಎದ್ದರೂ ಅವರು ರಾಗಿ ಒಣಗಿಸುವುದನ್ನು ಬಿಟ್ಟಿರಲಿಲ್ಲ. ಟೆರೇಸಿಗೆ ಹೋಗುವ ದಾರಿಯಲ್ಲಿ ಬಾಡಿಗೆದಾರರ ಮನೆಯೊಳಗೆ ಒಮ್ಮೆ ಇಣುಕಿ, ಒಗ್ಗರಣೆಗೆ ಒಂದು ಅಭಿಪ್ರಾಯ ಕೊಟ್ಟು ಹೋಗುವುದು ಅವರ ದಿನಚರಿ.

“ಏನಪ್ಪಾ ನಂದಾ, ಒಸ ಗಣಪ್ಪನ್ನ ತಂದು ಪೂಜೆ ಗೀಜೆ ಇಲ್ದೆ ಇಂಗೇ ಕುಂಡ್ರಿಸಿದ್ದೀಯ? ಉಡ್ಗಿ ನೋಡಕ್ಕೆ ಬರೋ ದಿನ!” ಎನ್ನುತ್ತಾ ಅವರು ದೇವರ ಮನೆಯಿಂದ ಕುಂಕುಮದ ಬಟ್ಟಲು ತಂದು ನೇರವಾಗಿ ಹೊಕ್ಕುಳಿಗೇ ಒತ್ತಿದರು. ಮೇಲೊಂದು ದಾಸವಾಳ. “ಶಶಿ, ಒಂದು ಚೊಂಬು ನೀರು ತಾ. ಒಂದೀಟು ಅಬಿಸೇಕ ಮಾಡ್ಬುಡ್ತೀನಿ.”

“ಅಯ್ಯೋ ಬೇಡಮ್ಮ!” ಎಂದು ನಂದಕುಮಾರ ಗಣಪನನ್ನು ಎದೆಗೆ ಅವುಚಿಕೊಂಡ. “ಇದು... ಇದು ನೀರು ತಾಕಬಾರದ ಗಣಪ.”

“ಹೊಳೇಗೆ ಬಿಡೋ ದೇವ್ರಿಗೆ ನೀರು ಆಗಲ್ವಾ?” ದ್ರೌಪದಮ್ಮ ಮೂಗಿನ ಮೇಲೆ ಬೆರಳಿಟ್ಟರು. ಅವರು ಮೆಟ್ಟಿಲು ಹತ್ತಿದ ಮೇಲೆ ನಂದಕುಮಾರ ಕನ್ನಡಕ ಒರೆಸುವ ಬಟ್ಟೆಯಿಂದ ಹೊಕ್ಕುಳನ್ನು ಒರೆಸಿದ. ಗಾಜು ಒರೆಸುವುದರಲ್ಲಿ ಅವನ ಕೈ ಪಳಗಿತ್ತು.

ಹನ್ನೊಂದಕ್ಕೆ ಹುಣಸಮಾರನಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಅಶ್ವತ್ಥ್, ಹಸಿರು ಪರದೆಯ ಮನೆಯಲ್ಲಿ ಗುಲಾಬಿ ಬೆಳೆದು ಹೆಬ್ಬಾಳದ ಹೂವಿನ ಹರಾಜಿಗೆ ಹಾಕುವವನು, ಮಿತಭಾಷಿ. ಜೊತೆಗೆ ಅವನ ಅಪ್ಪ ದೊಡ್ಡಮುನಿಯಪ್ಪ, ಅಮ್ಮ ಲಕ್ಷ್ಮಿದೇವಮ್ಮ. ಒಳ್ಳೆಯ ಶಕುನವಿರಲಿ ಎಂದು ನಂದಕುಮಾರ ತನ್ನ ಫೋನಿನಿಂದ ಸ್ಪೀಕರಿನಲ್ಲಿ ನಾದಸ್ವರ ಹಾಕಿದ್ದ. ಎಲ್ಲರೂ ಕುಳಿತ ಮೇಲೆ ಅದನ್ನು ನಿಲ್ಲಿಸಿ ತಾನು ಶುರು ಮಾಡಿದ.

ಮುಕ್ಕಾಲು ಗಂಟೆಯಲ್ಲಿ ಅವನು ಗುಲಾಬಿಯ ರೋಗಗಳ ಬಗ್ಗೆ ಗುಲಾಬಿ ಬೆಳೆಯುವವನಿಗೇ ಪಾಠ ಹೇಳಿದ, ಏರ್‌ಪೋರ್ಟ್ ರಸ್ತೆಯ ಇತಿಹಾಸವನ್ನು ಆ ರಸ್ತೆಯ ಪಕ್ಕದಲ್ಲೇ ಹುಟ್ಟಿದ ದೊಡ್ಡಮುನಿಯಪ್ಪನವರಿಗೆ ತಿಳಿಸಿಕೊಟ್ಟ. ಈ ಭರಾಟೆಯಲ್ಲಿ ಅವನು ಗಮನಿಸದೇ ಹೋದದ್ದು ಬಹಳ. ಲಕ್ಷ್ಮಿದೇವಮ್ಮ ತಟ್ಟೆ ತಂದ ಶಶಿರೇಖಾಳ ಕೈ ಹಿಡಿದು “ಬಾರಮ್ಮ ಸರಳಾ, ಕುಂತ್ಕೋ” ಎಂದರು. ನೀರಿನ ಲೋಟವನ್ನು ಟೀಪಾಯಿಯ ಆಚೆಗಿಟ್ಟು ಬೀಳಿಸಿದರು. ಕೇಸರಿಬಾತಿನ ಮೇಲಿದ್ದ ಲವಂಗವನ್ನು ದ್ರಾಕ್ಷಿಯೆಂದು ಜಗಿದು ಕಣ್ಣಲ್ಲಿ ನೀರು ತಂದುಕೊಂಡರು. ಪಾಪ, ಹೆಂಗಸಿಗೆ ಗಾಬರಿ ಎಂದುಕೊಂಡು ನಂದಕುಮಾರ ಗಾಬರಿ ಹೋಗಲಾಡಿಸುವುದು ಹೇಗೆ ಎಂದು ಇನ್ನೂ ಹತ್ತು ನಿಮಿಷ ಮಾತಾಡಿದ.

ಕೊನೆಗೆ ಶಶಿರೇಖಾ ಗಂಡನ ಮಾತಿಗೆ ಕತ್ತರಿ ಹಾಕಿ, “ಹುಡುಗ ಹುಡುಗಿ ಟೆರೇಸ್ ಮೇಲೆ ಹೋಗಿ ಎರಡು ಮಾತಾಡ್ಕೊಂಡು ಬರ್ಲಿ. ನಾನು ಕಾಫಿ ಸೋಸ್ತೀನಿ. ನೀವು ದೊಡ್ಡವರು ಕೂತಿರಿ,” ಎಂದಳು. ಅಶ್ವತ್ಥ್, ಸರಳಾ ಮೇಲೆ ಹೋದರು. ಶಶಿರೇಖಾ ಅಡುಗೆಮನೆಗೆ ಹೋದಳು. ನಂದಕುಮಾರ “ಒಂದ್ನಿಮಿಷ, ಬಂದೆ” ಎಂದು ಬಾತ್‌ರೂಮಿಗೆ ನುಗ್ಗಿ ಚಿಲಕ ಹಾಕಿ, ಯಾರಿಗೂ ಅನುಮಾನ ಬಾರದಿರಲೆಂದು ನಲ್ಲಿಯನ್ನು ಜೋರಾಗಿ ಬಿಟ್ಟು, ಬಕೆಟ್ ಬೋರಲು ಹಾಕಿ ಕುಳಿತು ಫೋನ್ ತೆರೆದ.

ಚಿತ್ರ ಬಂತು. ಮಾತು ಬರಲಿಲ್ಲ.

ದೊಡ್ಡಮುನಿಯಪ್ಪ ಹೆಂಡತಿಯ ಕಡೆ ಬಾಗಿ ಏನೋ ಹೇಳುತ್ತಿದ್ದುದು ಕಾಣುತ್ತಿತ್ತು. ಅದೇ, ಅದೇ ಆ ಐದು ನಿಮಿಷ! ನಂದಕುಮಾರ ಫೋನನ್ನು ಕಿವಿಗೆ ಒತ್ತಿಕೊಂಡ. ಫೋನಿನಿಂದ ಸದ್ದಿಲ್ಲ. ಸೌಂಡು ಕಮ್ಮಿಯಿರಬೇಕೆಂದು ಸ್ವಲ್ಪ ಏರಿಸಿದ. ತೆರೆಯ ಮೇಲೆ ದೊಡ್ಡಮುನಿಯಪ್ಪ ಬೆಚ್ಚಿ ಹಿಂದೆ ತಿರುಗಿ ನೋಡಿದರು. ಇನ್ನಷ್ಟು ಏರಿಸಿದ. ದೊಡ್ಡಮುನಿಯಪ್ಪ ಸೋಫಾದ ಕೆಳಗೆ ಬಗ್ಗಿ ನೋಡಿದರು. ಏನು ಕಳೆದುಕೊಂಡರೋ ಎಂದು ಇವನಿಗೆ ಮರುಕವಾಯಿತು.

ಆಮೇಲೆ ಲಕ್ಷ್ಮಿದೇವಮ್ಮ ಎದ್ದರು. ಗೋಡೆ ಸವರಿಕೊಂಡು ನಿಧಾನವಾಗಿ ಶೋಕೇಸಿನ ಹತ್ತಿರ ಬಂದರು. ಗಣಪನ ಮುಂದೆ ಕೈಮುಗಿದು ಮುಖವನ್ನು ಹತ್ತಿರ ತಂದರು. ಈಗ ಫೋನಿನ ತುಂಬ ಅವರ ಮುಖವೇ. ತುಟಿ ಅಲುಗುತ್ತಿತ್ತು. ನಂದಕುಮಾರ ಸೌಂಡನ್ನು ಪೂರ್ತಿ ಏರಿಸಿ, ಆ ಮುಖವನ್ನೇ ನೋಡುತ್ತಾ ಕುಳಿತ. ಹಾಗೆ ನೋಡುವಾಗ ಹದಿನೈದು ವರ್ಷ ಜನರ ಕಣ್ಣು ನೋಡಿದ ಅವನಿಗೆ ಒಂದು ಸಂಗತಿ ಕಂಡಿತು. ಎರಡೂ ಕಣ್ಣಿನ ಪಾಪೆಯ ನಡುವೆ ಹಾಲು ಹನಿಸಿದಂಥ ಬಿಳುಪು.

“ಅಯ್ಯೋ, ಪೊರೆ!” ಎಂದ ಅವನು, ಬಕೆಟ್ಟಿನ ಮೇಲೆ ಕುಳಿತೇ.

ಒಳಗೆ ಇವನಿಗೆ ಕೇಳದಿದ್ದ ಮಾತು ಹೊರಗೆ ಎಲ್ಲರಿಗೂ ಕೇಳುತ್ತಿತ್ತು. ಬೆಳಗಿನ ನಾದಸ್ವರ ನಿಂತಿತ್ತೇ ಹೊರತು ಫೋನು ಸ್ಪೀಕರಿನ ನಂಟು ಬಿಟ್ಟಿರಲಿಲ್ಲ. ಗಣಪ ಕೇಳಿಸಿಕೊಂಡದ್ದು ಬಾತ್‌ರೂಮಿನ ಫೋನಿಗೆ ಹೋಗಿ, ಅಲ್ಲಿಂದ ವಾಪಸ್ಸು ಗಣಪನ ಪಕ್ಕದ ಸ್ಪೀಕರಿಗೇ ಬರುತ್ತಿತ್ತು. ಮೊದಲು ದೊಡ್ಡಮುನಿಯಪ್ಪ “ಉಡ್ಗಿ ಚಿನ್ನ ಕಣೇ. ಆದ್ರೆ ಆ ಅಣ್ಣ, ಅಬ್ಬಬ್ಬಾ, ಕಿವಿ ತೂತು ಬಿದ್ದೋಯ್ತು” ಎಂದಿದ್ದರು. ಎರಡು ಗಳಿಗೆ ಬಿಟ್ಟು ಶೋಕೇಸು ಅವರದೇ ದನಿಯಲ್ಲಿ “ಕಿವಿ ತೂತು ಬಿದ್ದೋಯ್ತು” ಎಂದಿತ್ತು. ಆಮೇಲೆ ಇನ್ನೊಂದು ಸಲ. ಅವರು ಸೋಫಾದ ಕೆಳಗೆ ಹುಡುಕಿದ್ದು ಆ ದನಿಯನ್ನು.

ತಮ್ಮದೇ ಚಿಂತೆಯಲ್ಲಿದ್ದ ಲಕ್ಷ್ಮಿದೇವಮ್ಮ ಇದನ್ನೆಲ್ಲ ಗಮನಿಸದೆ ಗಣಪನ ಹತ್ತಿರ ಹೋಗಿ ಪಿಸುಗುಟ್ಟಿದ್ದರು. ಅದು ಅವರು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಮಾತು. ಅದನ್ನೇ ಈಗ ಸ್ಪೀಕರ್ ಪೂರ್ತಿ ಸೌಂಡಿನಲ್ಲಿ, ದೇವಸ್ಥಾನದ ಮೈಕಿನ ಹಾಗೆ, ಬೀದಿಗೆಲ್ಲ ಕೇಳುವಂತೆ ಸಾರಿತು:

“ಗಣಪ್ಪಾ, ನನ್ ಕಣ್ಣು ಮಂಜಾಗೋಗೈತೆ. ಉಡ್ಗಿ ಮಕ ಕಾಣಿಸ್ತಿಲ್ಲ. ಮನೇಲಿ ಏಳಿದ್ರೆ ಆಪ್ರೇಸನ್ನು ಅಂತ ಮದ್ವೆ ಮುಂದಕ್ಕಾಕ್ತಾರೆ. ನನ್ ಬದ್ಲು ನೀನೇ ಒಸಿ ನೋಡಪ್ಪ. ಕಾಣಿಸ್ತಿಲ್ಲ... ಕಾಣಿಸ್ತಿಲ್ಲ... ನೀನೇ ನೋಡಪ್ಪ... ನೋಡಪ್ಪ...”

ಶಶಿರೇಖಾ ಸೋಸುವ ಪಾತ್ರೆ ಹಿಡಿದುಕೊಂಡೇ ಓಡಿಬಂದಳು. ಗಂಡನ ಕೈವಾಡ ಯಾವುದೆಂದು ವಾಸನೆಯಲ್ಲೇ ಕಂಡುಹಿಡಿಯುವ ಹೆಂಗಸು ಅವಳು. ಬಾತ್‌ರೂಮಿನ ಬಾಗಿಲು ಬಡಿದಳು. “ರೀ! ಏನ್ ಮಾಡ್ತಿದೀರ? ಮೊದ್ಲು ಆ ಫೋನ್ ಆಫ್ ಮಾಡ್ರೀ!”

“ಆ ಫೋನ್ ಆಫ್ ಮಾಡ್ರೀ!” ಎಂದಿತು ಗಣಪನ ಕಡೆಯಿಂದ ಸ್ಪೀಕರು.

ನಂದಕುಮಾರ ಫೋನ್ ಹಿಡಿದುಕೊಂಡೇ ಹೊರಬಂದ. ತೆರೆಯ ಮೇಲೆ ಹಾಲ್, ಹಾಲ್‌ನಲ್ಲಿ ಅವನ ಹೆಂಡತಿ, ಹೆಂಡತಿಯ ಹಿಂದೆ ತಾನು. ಟೆರೇಸಿನಿಂದ ಸರಳಾ, ಅಶ್ವತ್ಥ್ ಮತ್ತು ಅವರ ಹಿಂದೆ ಮೊರದ ಸಮೇತ ದ್ರೌಪದಮ್ಮ ಇಳಿದುಬಂದು ಬಾಗಿಲಲ್ಲಿ ನಿಂತಿದ್ದರು. ಸರಳಾ ಒಮ್ಮೆ ಅಣ್ಣನ ಫೋನು ನೋಡಿದಳು, ಒಮ್ಮೆ ಗಣಪನ ಹೊಕ್ಕುಳು ನೋಡಿದಳು. ವಕೀಲೆಗೆ ಹೆಚ್ಚು ಸಾಕ್ಷಿ ಬೇಕಾಗಲಿಲ್ಲ.

“ಜನರಲ್ ನಾಲೆಡ್ಜಾ ಅಣ್ಣ?” ಎಂದಳು.

ದೊಡ್ಡಮುನಿಯಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಕರ್ದು ಕುಂಡ್ರಿಸಿ, ಕೇಸ್ರಿಬಾತ್ ಕೊಟ್ಟು, ಕದ್ದು ಕೇಳೋ ಮನೇಲಿ ನೆಂಟಸ್ತನ ಮಾಡಕ್ಕಾಗ್ತದೇನ್ರೀ? ಏಳೇ, ಓಗಾನ.”

ನಂದಕುಮಾರ ಅವರ ದಾರಿಗೆ ಅಡ್ಡ ಬಂದು ನಿಂತ. ಐದನೆಯದೂ ಹೋಯಿತು, ಇದು ಹೋದದ್ದು ಮಾತ್ರ ಖಂಡಿತ ತನ್ನ ಕೈಯಿಂದಲೇ. ಬಾಯಿ ತೆರೆದ. ಹುಟ್ಟಿದ ಮೇಲೆ ಮೊದಲ ಸಲ ಅದರಿಂದ ಏನೂ ಬರಲಿಲ್ಲ.

ಸರಳಾ ಅಣ್ಣನ ಪರ ವಾದ ಮಾಡಲಿಲ್ಲ. ಗಣಪನನ್ನು ಎತ್ತಿ ತಂದು, ಅಣ್ಣನ ಫೋನನ್ನೂ ಕಿತ್ತುಕೊಂಡು ಲಕ್ಷ್ಮಿದೇವಮ್ಮನ ಮುಂದೆ ಮಂಡಿಯೂರಿದಳು. “ತಪ್ಪಾಗಿದೆ ಅಮ್ಮ. ಮನೆ ನಮ್ದೇ ಇರ್ಬೋದು, ಆದ್ರೆ ನೀವು ಆಡಿದ ಮಾತು ನಿಮ್ದು. ನಿಮ್ಮನ್ನ ಕೇಳ್ದೆ ಅದನ್ನ ಹಿಡಿಯೋ ಹಕ್ಕು ಯಾರಿಗೂ ಇಲ್ಲ. ಇದ್ರಲ್ಲಿ ಇರೋದನ್ನೆಲ್ಲ ನಿಮ್ಮ ಕೈಯಿಂದಾನೇ ಅಳಿಸಿ. ದೂರು ಕೊಡ್ಬೇಕು ಅನ್ಸಿದ್ರೆ ಹೇಳಿ, ಅರ್ಜಿ ನಾನೇ ಬರ್ಕೊಡ್ತೀನಿ. ಅವನು ನಮ್ಮಣ್ಣ ಅಂತ ನೋಡಲ್ಲ.”

ಸರಳಾ ತೋರಿಸಿದ ಕಡೆ ಲಕ್ಷ್ಮಿದೇವಮ್ಮ ಬೆರಳು ಒತ್ತಿದರು. ಬೆರಳು ಎರಡು ಸಲ ಗುರಿ ತಪ್ಪಿತು. ಮೂರನೆಯ ಸಲ ಎಲ್ಲವೂ ಅಳಿಸಿಹೋಯಿತು. ಅದನ್ನು ನೋಡುತ್ತಿದ್ದ ನಂದಕುಮಾರನಿಗೆ ಅವಮಾನಕ್ಕಿಂತ ದೊಡ್ಡ ಸಂಕಟವಾಯಿತು. ಎದುರು ಕುಳಿತ ಮುಕ್ಕಾಲು ಗಂಟೆಯೂ ಆ ಕಣ್ಣು ಅವನಿಗೆ ಕಂಡಿರಲಿಲ್ಲ. ಕಣ್ಣು ನೋಡುವುದೇ ಅವನ ಕಸುಬಾಗಿತ್ತು.

“ಅಮ್ಮ,” ಎಂದ ಮೆತ್ತಗೆ. “ಎರಡೂ ಕಣ್ಣಿಗೆ ಪೊರೆ ಬಂದಿದೆ. ಮಾಮೂಲಿ ಪೊರೆ. ತೆಗೆಸಿದ್ರೆ ಕಾಣುತ್ತೆ.”

ಅಷ್ಟೇ ಹೇಳಿ ಸುಮ್ಮನಾದ. ಅಷ್ಟು ಚಿಕ್ಕ ಮಾತನ್ನು ಅವನ ಬಾಯಿಂದ ಕೇಳಿ ಶಶಿರೇಖಾಳಿಗೆ ಭಯವಾಯಿತು.

“ಕಾಣುತ್ತಾ?” ಲಕ್ಷ್ಮಿದೇವಮ್ಮ ಕಣ್ಣೀರು ಒರೆಸಿಕೊಂಡು ಸರಳಾಳ ಮುಖ ಇರುವ ಕಡೆ ಕೈ ಚಾಚಿ ಕೆನ್ನೆ ಸವರಿದರು. “ಸೊಸೆ ಮಕ ಕಾಣುತ್ತಾ?”

ಸೊಸೆ ಎಂಬ ಮಾತು ಬಿದ್ದದ್ದೇ ತಡ ಎಲ್ಲರೂ ಅವರ ಕಡೆ ತಿರುಗಿದರು. ಅಶ್ವತ್ಥ್ ಅಮ್ಮನ ಪಕ್ಕ ಬಂದು ಕುಳಿತು, “ಯಾಕಮ್ಮ ಹೇಳ್ಲಿಲ್ಲ?” ಎಂದ.

“ಏಳಿದ್ನಲ್ಲ, ದೇವ್ರತ್ರ.” ಆಕೆ ನಂದಕುಮಾರನ ಕಡೆ ತಿರುಗಿದರು. “ನೀನು ಕೇಳಿಸ್ಕಬಾರ್ದಾಗಿತ್ತಪ್ಪ. ಅದು ತಪ್ಪೇ.” ಆಮೇಲೆ ಗಂಡನ ಕಡೆ ತಿರುಗಿದರು. “ನೀವು ಕೇಳಿಸ್ಕಬೇಕಾಗಿತ್ತು. ಗುಲಾಬಿ ಮುಳ್ಳು ದಿನಾ ನನ್ ಕೈಗೆ ಚುಚ್ತಿದ್ರೆ ಯಾಕೆ ಅಂತ ಒಂದಿನ ಕೇಳಿದ್ರಾ?”

ದೊಡ್ಡಮುನಿಯಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಅದನ್ನೇ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಕೊನೆಗೆ, “ಸೊಂತ ಅಣ್ಣನ್ ಮೇಲೇ ಅರ್ಜಿ ಬರ್ಕೊಡ್ತೀನಿ ಅಂತಾಳೆ. ಇಂಥೋಳು ನಮ್ಮನೇಗೆ ಬಂದ್ರೆ ನ್ಯಾಯ ಉಳೀತದೆ. ನಮಗೆ ಒಪ್ಗೆ ಕಣ್ರೀ. ಈಗ್ಲೇ ಏಳ್ಬುಟ್ಟೆ. ನೀವೇನಂತೀರ?” ಎಂದರು.

ನಂದಕುಮಾರನ ಕಣ್ಣು ತುಂಬಿಬಂತು. ನಾಲ್ಕು ಸಲ ಕಾದ ಮಾತು ಐದನೆಯ ಸಲ ಬಾಗಿಲು ದಾಟುವ ಮುಂಚೆಯೇ ಸಿಕ್ಕಿತ್ತು. ‘ನಮಗೂ’ ಎಂದು ಅವನು ಶುರು ಮಾಡುವಷ್ಟರಲ್ಲಿ ಸರಳಾ ಎದ್ದು ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು.

“ನಾವು ಮನೇಲಿ ಯೋಚ್ನೆ ಮಾಡಿ ಫೋನ್ ಮಾಡ್ತೀವಿ,” ಎಂದಳು.

ನಂದಕುಮಾರ ಸೋಫಾದ ಮೇಲೆ ಕುಸಿದ. ದೊಡ್ಡಮುನಿಯಪ್ಪ ಕಕ್ಕಾಬಿಕ್ಕಿಯಾದರು. ಅಶ್ವತ್ಥ್ ಮಾತ್ರ ಯಾಕೋ ನೆಲ ನೋಡುತ್ತಾ ನಗು ತಡೆದುಕೊಂಡ ಹಾಗಿತ್ತು. “ಸೋಮವಾರ ಅಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡ್ ಬನ್ನಿ. ನಾನೂ ಬರ್ತೀನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ,” ಎಂದು ಸರಳಾ ಹೇಳಿದಾಗ ಅವನು ತಲೆಯಾಡಿಸಿದ. ಅವರೆಲ್ಲ ಹೋದ ಮೇಲೆ ಅವಳು ಗಣಪನನ್ನು ಪೇಪರಿನಲ್ಲಿ ಸುತ್ತಿ, ನಾಳೆ ಬೆಳಿಗ್ಗೆ ಅನ್ವರನಿಗೆ ಕೊಟ್ಟುಬರಬೇಕೆಂದು ಅಣ್ಣನಿಗೆ ಆಜ್ಞೆ ಮಾಡಿ ಒಳಗೆ ಹೋದಳು. ಯಾಕೆ ಹಾಗಂದೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಅರ್ಜಿಯ ಮಾತು ಇನ್ನೂ ಕಿವಿಯಲ್ಲಿತ್ತು.

ಸಂಜೆ ನಾಲ್ಕರ ಹೊತ್ತಿಗೆ ದ್ರೌಪದಮ್ಮ ಒಣಗಿದ ರಾಗಿಯನ್ನು ಚೀಲಕ್ಕೆ ತುಂಬಿಕೊಂಡು ಟೆರೇಸಿನಿಂದ ಇಳಿದರು. ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದ ನಂದಕುಮಾರನನ್ನು ನೋಡಿ ಅಲ್ಲೇ ಕುಳಿತರು.

“ನನ್ ಮನೆ ಗ್ವಾಡೇಲಿ ಕಣ್ಣಿಕ್ಕಿದ್ಯಲ್ಲೋ ನಂದಾ. ಯಾವುದಕ್ಕಪ್ಪಾ ಇಷ್ಟೆಲ್ಲ?”

“ನಾಲ್ಕು ಕಡೆಯೋರೂ ಯಾಕೆ ಒಪ್ಲಿಲ್ಲ ಅಂತ ಗೊತ್ತಾಗ್ಲಿ ಅಂತ ಅಮ್ಮ.”

“ಅಷ್ಟೇಯಾ? ನನ್ನ ಕೇಳಿದ್ರೆ ಏಳ್ತಿರ್ಲಿಲ್ವಾ?” ಎಂದರು ದ್ರೌಪದಮ್ಮ. “ಅವ್ರೆಲ್ಲಿ ಒಪ್ಲಿಲ್ಲ? ನಿನ್ ತಂಗಿ ಒಪ್ಲಿಲ್ಲ. ನಾಕು ಸತಿನೂ ನಾನು ಅಲ್ಲೇ ಟೆರೇಸ್ ಮ್ಯಾಲೆ ರಾಗಿ ಕೆದಕ್ತಾ ಇವ್ನಿ. ಒಬ್ಬೊಬ್ಬ ಉಡ್ಗನ್ಗೂ ಕೈ ಮುಗ್ದು ಏಳ್ತಿದ್ಲು: ‘ನಂಗೆ ಇಷ್ಟ ಇಲ್ಲ, ಆದ್ರೆ ನಾನು ಬೇಡ ಅಂದ್ರೆ ನಮ್ಮಣ್ಣ ಒಂದು ತಿಂಗ್ಳು ಬಾಸಣ ಮಾಡ್ತಾನೆ. ದಮ್ಮಯ್ಯ, ನೀವೇ ಬೇಡ ಅಂದ್ಬುಡಿ’ ಅಂತ. ಪಾಪ, ಒಳ್ಳೇ ಉಡುಗ್ರು. ನಾಕೂ ಜನ ಮಾತು ಉಳಿಸ್ಕಂಡ್ರು.”

ನಂದಕುಮಾರ ತಲೆಯೆತ್ತಿ ಟೆರೇಸಿನ ಕಡೆ ನೋಡಿದ. ಹಾಲ್‌ನಲ್ಲಿ ಯಾವ ತೀರ್ಮಾನವೂ ಆಗಿರಲೇ ಇಲ್ಲ. ಚಾರ್ಜರು ಬೇಡ, ವೈಫೈ ಬೇಡ, ಒಂದು ತಟ್ಟೆ ಕೇಸರಿಬಾತು ಕೊಟ್ಟರೆ ಎಲ್ಲವನ್ನೂ ಹೇಳುವ ಕ್ಯಾಮರಾ ನಾಲ್ಕು ಸಲವೂ ಅವನ ತಲೆಯ ಮೇಲೇ ರಾಗಿ ಒಣಗಿಸುತ್ತಿತ್ತು.

“ಈ ಸಲ?” ಅವನು ದ್ರೌಪದಮ್ಮನ ಸೆರಗು ಹಿಡಿಯುವುದೊಂದು ಬಾಕಿ. “ಇವತ್ತು ಅಶ್ವತ್ಥ್‌ಗೆ ಏನಂದ್ಲು ಅಮ್ಮ? ಅದೊಂದು ಹೇಳಿ.”

ದ್ರೌಪದಮ್ಮ ಬಾಯಿ ತೆರೆದರು. ತೆರೆದ ಬಾಯಿಗೆ ಸೆರಗು ಅಡ್ಡ ಹಿಡಿದರು.

“ಊಹೂಂ. ಏಳಕ್ಕಿಲ್ಲ. ಒಬ್ರ ಮಾತು ಅವ್ರದ್ದು, ಅವ್ರನ್ನ ಕೇಳ್ದೆ ಮುಟ್ಬಾರ್ದು ಅಂತ ಆಗ್ಲೇ ನಿನ್ ತಂಗಿ ಏಳ್ಲಿಲ್ವಾ? ಲಾಯರ್ರು ಅವ್ಳು. ಆಮ್ಯಾಕೆ ನನ್ ಮ್ಯಾಲೂ ಅರ್ಜಿ ಬರ್ದಾಳು.”

“ಅಮ್ಮ, ಇಷ್ಟು ವರ್ಷ ಇಡೀ ಬೀದಿ ವಿಷಯ ಹೇಳಿದ್ದೀರ!”

“ಅದು ನೆನ್ನೆ ಗಂಟ. ಇವತ್ತು ಆಯಮ್ಮನ್ ಕಣ್ಣೀರು ನೋಡ್ಬುಟ್ಟೆ ಕಣಪ್ಪ. ಇನ್ಮ್ಯಾಲೆ ಬಾಯಿಗೆ ಬೀಗ.”

ಅಷ್ಟರಲ್ಲಿ ಒಳಗೆ ಸರಳಾಳ ಫೋನು ರಿಂಗಾಯಿತು. ಅವಳು ಹೊರಗೆ ಬಂದು ಹೆಸರು ನೋಡಿ, ಒಂದು ಸಲ ಮುಂಗುರುಳು ಸರಿಮಾಡಿಕೊಂಡಳು. ಫೋನಿನಲ್ಲಿ ಮಾತಾಡುವವರಿಗೆ ಮುಂಗುರುಳು ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೇ? “ಹಲೋ, ಮನೆ ತಲುಪಿದ್ರಾ? ಅಮ್ಮ ಏನ್ ಮಾಡ್ತಿದಾರೆ?” ಎನ್ನುತ್ತಾ, ಅಣ್ಣನನ್ನು ದಾಟಿಕೊಂಡು, ನಗುತ್ತಾ ಟೆರೇಸಿನ ಮೆಟ್ಟಿಲು ಹತ್ತಿದಳು. ಆ ನಗು ನೋಡಿ ನಂದಕುಮಾರನ ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧಕ್ಕೆ ಅವಳು ಏನು ಮಾತಾಡುತ್ತಾಳೆಂದು ಗೊತ್ತಾಗಬೇಕಿತ್ತು. ಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು.

ದ್ರೌಪದಮ್ಮ ತಟ್ಟನೆ ಎದ್ದು ಖಾಲಿ ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

“ಎಲ್ಲಿಗಮ್ಮ?”

“ರಾಗಿ ಎತ್ತಾಕ್ಬೇಕು.”

“ರಾಗಿ ಚೀಲ ಇಲ್ಲೇ ಇದೆಯಲ್ಲ!”

“ಏಳಕ್ಕಿಲ್ಲ ಅಂದೆ ಕಣಪ್ಪ, ಕೇಳಕ್ಕಿಲ್ಲ ಅಂದ್ನಾ?” ಎಂದು ದ್ರೌಪದಮ್ಮ ಸದ್ದಾಗದ ಹಾಗೆ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದರು. ನಂದಕುಮಾರ ರಾಗಿ ಚೀಲ ಕಾಯುತ್ತಾ ಕೆಳಗೇ ಕುಳಿತ.